ಬಿಲ್ಲನ್ನು ಕೊಳ್ಳುವ ವಿಚಾರ

ಬಳ್ಳಾರಿಯ ಸೀಮೆಯಲ್ಲಿ ಬಿಲ್ಲಿಗೆ ಬರವೆಂಬುದಿಲ್ಲ. ಆಶ್ವಯುಜ ಪೂರ್ಣಿಮೆಯಂದು ವಾಲ್ಮೀಕಿ ಜಯಂತಿಯ ಮೆರವಣಿಗೆಯಲ್ಲಿ ಅದು ಟ್ರ್ಯಾಕ್ಟರಿನ ಮೇಲೆ ಥರ್ಮೋಕೋಲಿನ ರೂಪವನ್ನು ತಾಳಿ ಸಾಗುತ್ತದೆ. ಸಿರುಗುಪ್ಪ, ಕುರುಗೋಡು ಕಡೆಯ ಬಯಲಾಟದ ಅಟ್ಟದ ಮೇಲೆ ಬೇಗಡೆ ಹಚ್ಚಿಸಿಕೊಂಡು ಅರ್ಜುನನ ಕೈಯಲ್ಲಿ ಮಿನುಗುತ್ತದೆ. ಹಂಪೆಯ ಹಜಾರರಾಮ ದೇವಾಲಯದ ಭಿತ್ತಿಗಳಲ್ಲಿ ರಾಮಲಕ್ಷ್ಮಣರ ಹಸ್ತದಲ್ಲಿ ಕಲ್ಲಾಗಿ ನಿಂತಿದೆ. ಆದರೆ ಹೆದೆಯೇರಿಸಿ ಎಳೆದು ಬಾಣ ಬಿಡಬಹುದಾದ ನಿಜವಾದ ಒಂದು ನೀಳಬಿಲ್ಲು ಬೇಕು, ಕೈಯಲ್ಲಿರುವುದು ಐದಾರು ಸಾವಿರ ರೂಪಾಯಿ ಮಾತ್ರ, ಯಾವುದನ್ನು ಕೊಳ್ಳಲಿ ಎಂದು ಮಗನ ಅಥವಾ ಮಗಳ ಹಟಕ್ಕೆ ಸೋತ ತಂದೆಯೊಬ್ಬ ವಿಚಾರಿಸಿದನಾದರೆ, ಇಷ್ಟೊಂದು ಬಿಲ್ಲುಗಳ ನಡುವೆ ಅವನಿಗೆ ಉತ್ತರ ಹೇಳಬಲ್ಲವರು ವಿರಳ. 1904ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಸಿದ್ಧಪಡಿಸಿದ ಬಳ್ಳಾರಿ ಜಿಲ್ಲೆಯ ಗೆಜೆಟಿಯರು ಇಲ್ಲಿಯ ಬೇಡ ಸಮುದಾಯವನ್ನು ಬೇಟೆಯಲ್ಲಿಯೂ ಯುದ್ಧದಲ್ಲಿಯೂ ನುರಿತ ಜನವೆಂದು ವರ್ಣಿಸಿರುವಾಗ, ಅದೇ ನೆಲದಲ್ಲಿ ಇಂದು ಬಿಲ್ಲು ಲಾಂಛನವಾಗಿ ಉಳಿದು ಉಪಕರಣವಾಗಿ ಅಳಿದಿರುವುದು ನನಗೆ ಸಮ್ಮತವಾದ ಸಂಗತಿಯಲ್ಲ. ಆದುದರಿಂದ ಆ ತಂದೆಯ ಪ್ರಶ್ನೆಗೆ ನನಗೆ ತಿಳಿದಂತೆ ಉತ್ತರಿಸುವ ಪ್ರಯತ್ನವಿದು.

ನೀಳಬಿಲ್ಲೆಂದೊಡನೆ ಇಂಗ್ಲೆಂಡನ್ನು ನೆನೆಯುವುದು ವಾಡಿಕೆಯಾಗಿದೆ. ಆದರೆ ಅದು ಆ ದೇಶದ ಏಕಸ್ವಾಮ್ಯವೇನೂ ಅಲ್ಲ. ಅಲೆಕ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನ ವರದಿಯನ್ನು ಆಧರಿಸಿ ಗ್ರೀಕ್ ಇತಿಹಾಸಕಾರ ಅರಿಯನ್ ಬರೆದಿರುವ ಪ್ರಕಾರ, ಭಾರತದ ಪದಾತಿಗಳ ಬಿಲ್ಲು ಅದನ್ನು ಹಿಡಿದವನಷ್ಟೇ ಎತ್ತರವಾಗಿತ್ತು; ಅವರು ಅದರ ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ, ಹೆದೆಯನ್ನು ಬಲು ಹಿಂದಕ್ಕೆ ಎಳೆಯುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ದ್ರವ್ಯಗಳಿಂದ ಆದ ಬಿಲ್ಲುಗಳನ್ನು ಬೇರೆಬೇರೆ ಹೆಸರಿನಿಂದ ಕರೆದಿರುವುದಲ್ಲದೆ, ಮೂರ್ವೆ, ಎಕ್ಕ, ಸೆಣಬು, ಸ್ನಾಯು ಮುಂತಾದವುಗಳಿಂದ ಹೆದೆ ಹೊಸೆಯುವುದನ್ನೂ ಹೇಳುತ್ತದೆ. ಬಿದಿರಿನ ಒಂದೇ ಸೀಳಿನಿಂದ ಮಾಡಿದ ಸರಳವಾದ ಬಿಲ್ಲನ್ನು ಕೊಳ್ಳುವವನು ದಾರಿದ್ರ್ಯದ ಕಾರಣದಿಂದ ಕೀಳು ವಸ್ತುವಿಗೆ ಒಪ್ಪಿಕೊಂಡವನೆಂದು ಯಾರೂ ಭಾವಿಸಬೇಕಾಗಿಲ್ಲ. ಅದು ಈ ದೇಶದ ಪ್ರಾಚೀನ ಪರಂಪರೆಗೆ ಸೇರಿದ ಆಯುಧ.

ಕೊಳ್ಳುವವನು ಮೊದಲು ಗೆಲ್ಲಬೇಕಾದದ್ದು ತನ್ನ ಅಹಂಕಾರವನ್ನು. ಬಿಲ್ಲಿನ ಬಿಗುವನ್ನು ಇಂದು ಲೋಕದಾದ್ಯಂತ ಪೌಂಡುಗಳಲ್ಲಿ ಅಳೆಯುತ್ತಾರೆ. ಹೆದೆಯನ್ನು 28 ಅಂಗುಲದವರೆಗೆ ಎಳೆದಾಗ ಬೆರಳುಗಳ ಮೇಲೆ ಬೀಳುವ ಭಾರವೇ ಆ ಅಂಕಿ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ದೊರೆತ ಬಿಲ್ಲುಗಳಲ್ಲಿ ನೂರು ಪೌಂಡನ್ನು ಮೀರಿದವು ಬಹಳವೆಂಬ ಸುದ್ದಿಯನ್ನು ಓದಿದ ತರುಣನು, ತನಗೆ ಕನಿಷ್ಠ ಐವತ್ತಾದರೂ ಇರಲಿ ಎಂದು ಆಶಿಸುವುದು ಸಹಜ. ಆ ನೌಕೆಯ ಬಿಲ್ಲಾಳುಗಳು ಬಾಲ್ಯದಿಂದ ಅದನ್ನೇ ಎಳೆದು ಬೆಳೆದವರೆಂಬುದನ್ನೂ, ಅವರ ಅಸ್ಥಿಪಂಜರಗಳ ಭುಜದ ಎಲುಬುಗಳಲ್ಲಿ ಸಹ ಆ ಶ್ರಮದ ಗುರುತುಗಳನ್ನು ಪಂಡಿತರು ಕಂಡಿರುವರೆಂಬುದನ್ನೂ ಅವನು ಓದಿರುವುದಿಲ್ಲ. ಹೊಸಬನಾದ ವಯಸ್ಕನಿಗೆ 25 ಪೌಂಡು, ಹೈಸ್ಕೂಲಿನ ಹುಡುಗ ಹುಡುಗಿಯರಿಗೆ 18ರಿಂದ 20 ಪೌಂಡು ಯಥೇಷ್ಟ. ಶಕ್ತಿಗೆ ಮೀರಿದ ಬಿಲ್ಲನ್ನು ಹಿಡಿದವನ ಎಡಗೈ ನಡುಗುತ್ತದೆ, ಬಲಗೈ ದವಡೆಯವರೆಗೆ ಬಾರದೆ ಅರ್ಧದಲ್ಲೇ ನಿಲ್ಲುತ್ತದೆ, ಗುರಿ ನೋಡುವ ಮೊದಲೇ ಬಾಣ ಕೈಬಿಟ್ಟು ಹೋಗುತ್ತದೆ. ಒಮ್ಮೆ ಅಂಟಿದ ಈ ದುರಭ್ಯಾಸವನ್ನು ಬಿಡಿಸುವುದು ಯಾವ ಬಿಲ್ಲೋಜನಿಗೂ ಸುಲಭವಲ್ಲ. ಅಂಗಡಿಯವನು ಬರೆದ ಅಂಕಿಯನ್ನು ನಂಬುವ ಅಗತ್ಯವೂ ಇಲ್ಲ. ಪೆಟ್ಟಿಗೆ ತೂಗುವ ಕೊಕ್ಕೆಯ ತಕ್ಕಡಿಯನ್ನು ಹೆದೆಯ ನಡುವಿಗೆ ಸಿಕ್ಕಿಸಿ 28 ಅಂಗುಲ ಎಳೆದು ನೋಡಿ. 11 ಕಿಲೋ ಚಿಲ್ಲರೆ ತೋರಿದರೆ ಅದು 25 ಪೌಂಡು. ತೋಳು ಚಿಕ್ಕದಾಗಿದ್ದು 26 ಅಂಗುಲ ಮಾತ್ರ ಎಳೆಯುವವನಿಗೆ ಅದೇ ಬಿಲ್ಲು ಎರಡು ಮೂರು ಪೌಂಡು ಹಗುರವಾಗಿ ಬರುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಬಿಗುವಿನಲ್ಲಿ ಜಿಪುಣತನ ತೋರಿದವನು ಉದ್ದದಲ್ಲಿ ಧಾರಾಳಿಯಾಗಲಿ. ಗಿಡ್ಡ ಬಿಲ್ಲು ನೋಟಕ್ಕೆ ಚೆಲುವು, ಬಸ್ಸಿನಲ್ಲಿ ಒಯ್ಯಲು ಅನುಕೂಲ. ಆದರೆ ಪೂರ್ತಿ ಎಳೆದಾಗ ಹೆದೆಯ ಕೋನ ಕಿರಿದಾಗಿ ಬೆರಳನ್ನು ಹಿಂಡುತ್ತದೆ, ಬಿದಿರಿನ ಮೇಲೆ ಒತ್ತಡ ಹೆಚ್ಚಿ ಬೇಗನೆ ಮುರಿಯುತ್ತದೆ. ಹಿಡಿದವನ ಎತ್ತರದಷ್ಟು, ಅಥವಾ ಒಂದೆರಡು ಅಂಗುಲ ಹೆಚ್ಚಾಗಿರುವ ಬಿಲ್ಲು ಕ್ಷಮಾಶೀಲ. ನಿಯಾರ್ಕಸನ ಕಾಲದ ಪದಾತಿಗೂ ಈ ಮಾತು ಗೊತ್ತಿದ್ದಂತೆ ಕಾಣುತ್ತದೆ.

ಇನ್ನು ದ್ರವ್ಯದ ಮಾತು. ಮರದ ಪಟ್ಟಿಗಳ ಮೇಲೆ ಫೈಬರ್‌ಗ್ಲಾಸ್ ಅಂಟಿಸಿದ ಬಿಲ್ಲುಗಳು ವೇಗವಾದವು, ಹವೆಗೆ ಬೇಗ ಬಗ್ಗದಂಥವು, ಆದರೆ ದುಬಾರಿ. ಇಡಿಯ ಮರದವು ಸುಂದರ, ಆದರೆ ನಮ್ಮ ಬಿಸಿಲಿಗೆ ಅಂಜುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿಯನ್ನು ದಾಟುವ ಬಳ್ಳಾರಿಯ ಒಣಹವೆಯಲ್ಲಿ ಮರದೊಳಗಿನ ತೇವವು ಅತಿಯಾಗಿ ಇಳಿದುಹೋಗಿ ಬಿಲ್ಲು ಪೆಡಸಾಗುತ್ತದೆ, ನಿಲ್ಲಿಸಿದ ಕಾರಿನೊಳಗೆ ಬಿಟ್ಟರಂತೂ ಅಂಟು ಬಿಡುವುದೂ ಉಂಟು. ಅಗ್ಗದಲ್ಲಿ ದೊರೆಯುವ, ತಾಳಿಕೆಯುಳ್ಳ, ಮುರಿದರೂ ಮನೆಯ ಲೆಕ್ಕಾಚಾರವನ್ನು ಮುರಿಯದ ದ್ರವ್ಯ ಬಿದಿರೇ. ಭಾರತೀಯ ಧನುರ್ವಿದ್ಯಾ ಸಂಸ್ಥೆಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವೇ ಉಂಟು. 50 ಮತ್ತು 30 ಮೀಟರುಗಳ ದೂರದಿಂದ ಅಲ್ಲಿ ಸ್ಪರ್ಧಿಸುವ ಮಕ್ಕಳ ಕೈಯಲ್ಲಿರುವುದು ಬಿದಿರಿನ ಬಿಲ್ಲು. ಒಲಿಂಪಿಕ್ ಮಾದರಿಯ ಬಿಲ್ಲಿನ ಪೂರ್ತಿ ಸರಂಜಾಮು ಲಕ್ಷ ರೂಪಾಯಿಯನ್ನು ಮೀರುವಾಗ, ಇಂಥ ಬಿದಿರಿನ ಬಿಲ್ಲು ಕೆಲವೇ ಸಾವಿರಗಳಿಗೆ ಎಟುಕುತ್ತದೆ. ರಾಂಚಿಯ ಸಮೀಪದ ರಾತು ಚಟ್ಟಿಯ ಬಿಲ್ಲುಗಾರ್ತಿ ದೀಪಿಕಾ ಕುಮಾರಿ ಎಳವೆಯಲ್ಲಿ ಅಭ್ಯಾಸ ಮಾಡಿದ್ದೂ, ರಾಜಸ್ಥಾನದ ಆದಿವಾಸಿ ಬಾಲಕ ಲಿಂಬಾರಾಮ್ ಕೈ ಪಳಗಿಸಿಕೊಂಡದ್ದೂ ಬಿದಿರಿನ ಬಿಲ್ಲಿನಿಂದಲೇ. ಆ ಲಿಂಬಾರಾಮ್ 1992ರಲ್ಲಿ ಬೀಜಿಂಗಿನ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದನು.

ಬಿದಿರಿನಲ್ಲಿಯೂ ತಾರತಮ್ಯವುಂಟು. ಸಿರುಗುಪ್ಪದಲ್ಲಿ ಬುಟ್ಟಿ, ಮೊರ, ಏಣಿಗಳನ್ನು ಮಾಡಿ ಮಾರುವ ಮೇದಾರ ವೃದ್ಧರೊಬ್ಬರು ಬಯಲಾಟದವರಿಗಾಗಿ ಬಿಲ್ಲಿನ ಸೀಳು ತೆಗೆಯುವುದನ್ನು ನಾನು ಸನಿಹದಲ್ಲಿ ಕುಳಿತು ನೋಡಿದ್ದೇನೆ. ರಾಶಿಯಿಂದ ಗಳವೊಂದನ್ನು ಎತ್ತಿ, ಮಚ್ಚಿನ ಬೆನ್ನಿನಿಂದ ಗೆಣ್ಣಿನ ಕೆಳಗೊಮ್ಮೆ ಮೇಲೊಮ್ಮೆ ತಟ್ಟಿ, ಸದ್ದನ್ನು ಆಲಿಸಿ, ಮೂರನ್ನು ಬದಿಗಿಟ್ಟು ನಾಲ್ಕನೆಯದನ್ನು ಆರಿಸಿದರು. ಬದಿಗಿಟ್ಟವು ನೋಡುವುದಕ್ಕೆ ಹಸಿರಾಗಿ, ನೇರವಾಗಿ, ನನ್ನ ಕಣ್ಣಿಗೆ ಇನ್ನೂ ಚೆನ್ನಾಗಿದ್ದವು. ಕಾರಣ ಕೇಳಿದ್ದಕ್ಕೆ, “ಹಸಿ ಬಿದ್ರು ಬಾಗತೈತ್ರಿ ಸಾಹೇಬ್ರ, ಆದ್ರ ತಿರುಗಿ ಬರಂಗಿಲ್ಲ” ಎಂದರು. ಕೊಳ್ಳುವವನಿಗೆ ಇದಕ್ಕಿಂತ ಉತ್ತಮವಾದ ಪಾಠವಿಲ್ಲ. ಮೂರು ನಾಲ್ಕು ವರ್ಷ ಬಲಿತ, ಒಳಗಿನ ಗೋಡೆ ದಪ್ಪವಾಗಿರುವ, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಗಳದ ಬಿಲ್ಲನ್ನೇ ಕೇಳಿ ಪಡೆಯಬೇಕು. ಹೊರಮೈಯ ನುಣುಪಾದ ಸಿಪ್ಪೆಯ ನಾರು ತುದಿಯಿಂದ ತುದಿಗೆ ಕಡಿಯದೆ ಉಳಿದಿರಬೇಕು, ಗೆಣ್ಣುಗಳನ್ನು ಚೆಂದಕ್ಕಾಗಿ ತೀರ ನುಣ್ಣಗೆ ಹೆರೆದಿರಬಾರದು, ಸಣ್ಣ ತೂತುಗಳಿಂದ ಹುಡಿ ಉದುರುತ್ತಿದ್ದರೆ ಹುಳು ಹತ್ತಿದೆಯೆಂದು ತಿಳಿದು ಕೈಬಿಡಬೇಕು.

ಬಿಲ್ಲಿನ ಪರೀಕ್ಷೆ ಹೆದೆಯೇರಿಸಿದ ಮೇಲೆ. ಒಂದು ಕೊಪ್ಪಿನ ಕಡೆಯಿಂದ ಕಣ್ಣಿಟ್ಟು ಉದ್ದಕ್ಕೆ ನೋಡಿದರೆ ಹೆದೆಯು ಹಿಡಿಯ ನಡುವಿನಲ್ಲಿ ಹಾದುಹೋಗಬೇಕು. ಪಕ್ಕಕ್ಕೆ ಸರಿದಿದ್ದರೆ ಬಿಲ್ಲಿನ ತೋಳು ತಿರುಚಿಕೊಂಡಿದೆಯೆಂದು ಅರ್ಥ. ಬಳಿಕ ಇನ್ನೊಬ್ಬರಿಂದ ಮೆಲ್ಲನೆ ಎಳೆಯಿಸಿ, ನಾಲ್ಕು ಹೆಜ್ಜೆ ದೂರ ನಿಂತು ಎರಡು ತೋಳುಗಳ ಬಾಗನ್ನು ಹೋಲಿಸಿ. ಒಂದು ಕಡೆ ಕಮಾನಿನಂತೆ ಸುತ್ತಿ, ಇನ್ನೊಂದು ಕಡೆ ಒಂದೇ ಜಾಗದಲ್ಲಿ ಮೊಣಕೈಯಂತೆ ಮಡಿಯುವ ಬಿಲ್ಲು, ಬಣ್ಣ ಎಷ್ಟೇ ಸೊಗಸಾಗಿರಲಿ, ಆ ಮಡಿಕೆಯಲ್ಲಿಯೇ ಒಂದು ದಿನ ಮುರಿಯುವಂಥದು. ಎಳೆಯುವವನ ಕಡೆಗಿರುವ ಮುಖದ ಮೇಲೆ ಅಡ್ಡಗೆರೆಗಳು ಸುಕ್ಕಿನಂತೆ ಕಂಡರೆ ಅದು ಆಗಲೇ ಜಜ್ಜಿಹೋಗಿದೆ. ಈ ಪರೀಕ್ಷೆಗೆ ಒಡಂಬಡದ ಮಾರಾಟಗಾರನಲ್ಲಿ ಕೊಳ್ಳದಿರುವುದೇ ಲೇಸು. ಚಿತ್ರವನ್ನಷ್ಟೆ ನೋಡಿ ಅಂಚೆಯಲ್ಲಿ ತರಿಸುವವರು ಈ ಕಾರಣದಿಂದಲೇ ಮೋಸಹೋಗುತ್ತಾರೆ. ಬಾಣವಿಲ್ಲದೆ ಹೆದೆಯನ್ನು ಎಳೆದುಬಿಟ್ಟು ಟಂಕಾರ ಕೇಳುವ ಚಪಲವನ್ನು ಮಾತ್ರ ಯಾರೂ ತೋರತಕ್ಕದ್ದಲ್ಲ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಆಗ ಬಿಲ್ಲಿಗೇ ಹಿಂದಿರುಗುತ್ತದೆ. ನಾಟಕದ ಅರ್ಜುನನಿಗೆ ಸಲ್ಲುವ ಆ ಟಂಕಾರಕ್ಕೆ ಎಷ್ಟೋ ಒಳ್ಳೆಯ ಬಿಲ್ಲುಗಳು ಬಲಿಯಾಗಿವೆ.

ಕೈಯಲ್ಲಿರುವ ಹಣವನ್ನೆಲ್ಲ ಬಿಲ್ಲಿಗೇ ಸುರಿಯುವುದು ಸರ್ವಸಾಧಾರಣವಾದ ತಪ್ಪು. ಅರ್ಧವನ್ನು ಬಾಣಗಳಿಗಾಗಿ ಮೀಸಲಿಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಸಾಧಾರಣವಾದ ಬಿಲ್ಲಿನಿಂದ ಒಂದೇ ತೂಕದ, ಒಂದೇ ಬಿಗುವಿನ, ನೆಟ್ಟಗಿನ ಆರು ಬಾಣಗಳನ್ನು ಬಿಟ್ಟವನಿಗೆ ತನ್ನ ದೋಷ ಎಲ್ಲಿದೆಯೆಂದು ಗೊತ್ತಾಗುತ್ತದೆ. ಉತ್ಕೃಷ್ಟವಾದ ಬಿಲ್ಲಿನಿಂದ ಆರು ಬಗೆಯ ಬಾಣಗಳನ್ನು ಬಿಟ್ಟವನಿಗೆ ಏನೂ ಗೊತ್ತಾಗುವುದಿಲ್ಲ. ನೀಳಬಿಲ್ಲಿನಲ್ಲಿ ಬಾಣವು ಮುಷ್ಟಿಯನ್ನು ಸವರಿಕೊಂಡೇ ಹೋಗುವುದರಿಂದ ಪ್ಲಾಸ್ಟಿಕ್ಕಿನ ರೆಕ್ಕೆಗಳು ಸಲ್ಲವು, ನಿಜವಾದ ಗರಿಯೇ ಬೇಕು. ಬಾಣ ತೀರ ಹಗುರವಾಗಿದ್ದರೂ ಬಿಲ್ಲಿಗೆ ಕೇಡು. 25 ಪೌಂಡಿನ ಬಿದಿರಿನ ಬಿಲ್ಲಿಗೆ 16 ಗ್ರಾಮಿಗಿಂತ ಕಡಿಮೆಯದನ್ನು ಹೂಡಬಾರದು, 20ರ ಆಸುಪಾಸಿನಲ್ಲಿದ್ದರೆ ಕ್ಷೇಮ. ಪರಿಚಯದ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿಕೊಳ್ಳುವುದಕ್ಕೆ ಸಂಕೋಚಪಡಬೇಕಾದದ್ದಿಲ್ಲ. ಹೆದೆಗೆ ತುಸು ಹಿಗ್ಗುವ ಡೇಕ್ರಾನ್ ನೂಲು ಮೇಲು; ಹಿಗ್ಗದ ಹೊಸ ನೂಲುಗಳು ಬಿದಿರಿನ ಕೊಪ್ಪನ್ನು ಸೀಳುತ್ತವೆ.

ಉಳಿದ ಪರಿಕರಗಳನ್ನು ನಮ್ಮ ಊರುಗಳೇ ಒದಗಿಸುತ್ತವೆ. ಬಳ್ಳಾರಿಯ ಜೀನ್ಸ್ ಹೊಲಿಗೆಯ ಕಾರ್ಖಾನೆಗಳು ಹೊರಗೆಸೆಯುವ ಕತ್ತರಿಕೆಯ ಚೂರುಗಳನ್ನು ಗೋಣಿಚೀಲಕ್ಕೆ ಒತ್ತಿ ಒತ್ತಿ ತುಂಬಿದರೆ ದೇಶಾಂತರದಿಂದ ತರಿಸಿದ ಗುರಿಹಲಗೆಗೆ ಕಡಿಮೆಯಿಲ್ಲದ ಗುರಿ ಸಿದ್ಧವಾಗುತ್ತದೆ. ಅದೇ ಬಟ್ಟೆಯನ್ನು ನಾಲ್ಕು ಪದರ ಹೊಲಿದರೆ ಹೆದೆಯ ಪೆಟ್ಟಿನಿಂದ ಮುಂಗೈಯನ್ನು ಕಾಯುವ ಪಟ್ಟಿಯಾಯಿತು. ತುಂಗಭದ್ರೆಯ ನೀರುಂಡ ಸಿರುಗುಪ್ಪದ ಗದ್ದೆಗಳಲ್ಲಿ ಯಂತ್ರ ಕಟ್ಟಿಹಾಕಿದ ಭತ್ತದ ಹುಲ್ಲಿನ ಪೆಂಡಿಗಳನ್ನು ಎರಡು ಸಾಲು ಪೇರಿಸಿದರೆ ಗುರಿಯ ಹಿಂದೆ ಗೋಡೆಯೇ ಎದ್ದಂತೆ. ಕುರುಗೋಡಿನವರು ಮಾತ್ರ ಒಂದು ಎಚ್ಚರವನ್ನು ವಹಿಸಬೇಕು: ಹಿಂದೆ ಬಂಡೆಗಲ್ಲಿನ ಗುಡ್ಡವಿದೆ, ಬಾಣ ಎಲ್ಲಿಗೂ ಹೋಗದು ಎಂದು ಅದಕ್ಕೆ ಎದುರಾಗಿ ಗುರಿ ನಿಲ್ಲಿಸುವುದು ಅಪಾಯ, ಗುರಿ ತಪ್ಪಿದ ಬಾಣ ಬಂಡೆಗೆ ತಾಗಿ ಮುರಿಯುವುದಷ್ಟೇ ಅಲ್ಲ, ಯಾವ ದಿಕ್ಕಿಗೆ ಚಿಮ್ಮುವುದೆಂದು ಹೇಳಲಾಗದು. ಮಣ್ಣಿನ ದಿಬ್ಬವೇ ಕ್ಷೇಮ. ಬಿಲ್ಲು ಬಂತೆಂದು ಮೊಲ ಕೌಜುಗಳ ಹಿಂದೆ ಹೋಗುವ ಯೋಚನೆಯಿದ್ದವರಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆಯುಧಗಳ ವ್ಯಾಖ್ಯೆಯಲ್ಲಿ ಬಿಲ್ಲುಬಾಣಗಳನ್ನು ಹೆಸರಿಸಿಯೇ ಸೇರಿಸಿದೆಯೆಂಬುದನ್ನು ತಿಳಿಸಿದರೆ ಸಾಕು.

ಆದರೆ ಬಿಲ್ಲು, ಬಾಣ, ಗುರಿ ಮೂರೂ ಇದ್ದು ತೋರಿಸಿಕೊಡುವವರಿಲ್ಲದಿದ್ದರೆ ಕೊಂಡದ್ದು ಗೋಡೆಯ ಮೊಳೆಗೆ ಸೇರುತ್ತದೆ. ಈ ವಿಷಯದಲ್ಲಿ ನಮ್ಮ ನೆಲದ ಅರಸನೊಬ್ಬನ ವಿವೇಕ ಸ್ಮರಣೀಯವಾದದ್ದು. ಬಹಮನಿಗಳಿಂದ ಮತ್ತೆ ಮತ್ತೆ ಸೋತ ವಿಜಯನಗರದ ಇಮ್ಮಡಿ ದೇವರಾಯನು ಸಭೆ ಕರೆದು, ವಿಸ್ತಾರದಲ್ಲಿಯೂ ಆದಾಯದಲ್ಲಿಯೂ ಮಿಗಿಲಾದ ತನ್ನ ರಾಜ್ಯಕ್ಕೆ ಈ ಸೋಲೇಕೆಂದು ಕೇಳಿದಾಗ, ಶತ್ರುಗಳ ಕುದುರೆ ಮತ್ತು ಬಿಲ್ಲಾಳುಗಳ ಮೇಲ್ಮೆಯೇ ಕಾರಣವೆಂಬ ಉತ್ತರ ಬಂದಿತೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಭಂಡಾರ ತುಂಬಿದ್ದ ಆ ದೊರೆ ಬಿಲ್ಲುಗಳನ್ನು ಕೊಂಡು ರಾಶಿ ಹಾಕಿ ತೃಪ್ತನಾಗಲಿಲ್ಲ; ಮುಸಲ್ಮಾನ ಯೋಧರನ್ನು ಸೇನೆಗೆ ಬರಮಾಡಿಕೊಂಡು, ಅವರಿಗೆ ಜಹಗೀರುಗಳನ್ನಿತ್ತು, ಮಸೀದಿ ಕಟ್ಟಿಸಿಕೊಟ್ಟು, ತನ್ನ ಹಿಂದೂ ಸೈನಿಕರೆಲ್ಲರೂ ಧನುರ್ವಿದ್ಯೆಯನ್ನು ಕಲಿಯುವಂತೆ ಆಜ್ಞಾಪಿಸಿದನು; ತಾನೂ ತನ್ನ ಅಧಿಕಾರಿಗಳೂ ಅಭ್ಯಾಸಕ್ಕೆ ನಿಂತರು. ಆ ಅರಸನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿ ಹಂಪೆಯಲ್ಲಿ ಇಂದಿಗೂ ಇದೆ. ಸಾಮ್ರಾಟನೇ ಕಲಿಸುವವರನ್ನು ಅರಸಿದನೆಂದ ಮೇಲೆ ಐದು ಸಾವಿರದ ನಮ್ಮ ತಂದೆಯೂ ಅದನ್ನೇ ಮಾಡತಕ್ಕದ್ದು.

ಆದರೆ ಇದು ಆ ತಂದೆಯೊಬ್ಬನಿಂದ ಆಗುವ ಕೆಲಸವಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಪ್ರತಿ ವರ್ಷ ವಾಲ್ಮೀಕಿ ಜಯಂತಿಯ ಪೆಂಡಾಲು, ಧ್ವನಿವರ್ಧಕ, ಫ್ಲೆಕ್ಸುಗಳಿಗಾಗಿ ಸಮಿತಿಗಳು ವೆಚ್ಚಮಾಡುವ ಹಣದಲ್ಲಿ ಒಂದು ಭಾಗವನ್ನು ತೆಗೆದಿಟ್ಟು, ಊರಿಗೆ ಆರು ಬಿದಿರಿನ ಬಿಲ್ಲುಗಳನ್ನೂ ನಾಲ್ಕು ಡಜನ್ ಬಾಣಗಳನ್ನೂ ಕೊಂಡು, ತಾಲ್ಲೂಕು ಕ್ರೀಡಾಂಗಣದ ಒಂದು ಮೂಲೆಯಲ್ಲಿ 30 ಮೀಟರಿನ ಅಂಕಣವನ್ನು ಬೇಲಿ ಕಟ್ಟಿ ಕೊಡಿಸಿ, ಬೇಸಿಗೆ ರಜೆಯಲ್ಲಿ ಬೆಳಗಿನ ತಂಪಿನ ಹೊತ್ತಿಗೆ ಬಲ್ಲವರೊಬ್ಬರನ್ನು ಕರೆಸಿ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಕಲಿಸುವ ಏರ್ಪಾಡನ್ನು ಮಾಡಬೇಕೆಂದು ಆ ಸಮಿತಿಗಳ ಹಿರಿಯರನ್ನೂ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳನ್ನೂ ಪ್ರಾರ್ಥಿಸುತ್ತೇನೆ. ಅಲ್ಲಿಯವರೆಗೆ, ಬಿಲ್ಲು ಕೊಳ್ಳಲು ಹೊರಟಿರುವವರು ತಕ್ಕಡಿಯನ್ನು ಜೊತೆಯಲ್ಲೊಯ್ಯಲಿ. 25 ಪೌಂಡಿಗಿಂತ ಹೆಚ್ಚಿನದನ್ನು ಮೊದಲ ವರ್ಷ ಕೊಳ್ಳದಿರಲಿ.