ಪಾರ್ಟು ಹಂಚುವ ರಾತ್ರಿ

ಸುಗ್ಗಿ ಮುಗಿದು ಜೋಳ, ಶೇಂಗಾ ಮನೆ ಸೇರಿದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಲ್ಲಿ ಬಯಲಾಟದ ಮಾತು ಏಳುತ್ತದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಗೆ ಸೇರಿದ ಈ ಸೀಮೆಯಲ್ಲಿ ಬಯಲಾಟ ಮೊದಲಿನಷ್ಟಿಲ್ಲ, ಆದರೆ ನಿಂತೂ ಇಲ್ಲ. ಊರ ದೇವರ ಜಾತ್ರೆಗೋ ಯುಗಾದಿಗೋ ಆಟ ಎಂದು ಗೊತ್ತಾಗುತ್ತದೆ. ಮಾಸ್ತರು ಬರುತ್ತಾರೆ. ಗುಡಿಯ ಪೌಳಿಯಲ್ಲೋ ಶಾಲೆಯ ಅಂಗಳದಲ್ಲೋ ರಾತ್ರಿ ಊಟವಾದ ಮೇಲೆ ತಾಲೀಮು. ಎರಡು ತಿಂಗಳು, ಕೆಲವೊಮ್ಮೆ ಮೂರು.

ಆಡುವ ಕಥೆ ಯಾರಿಗೂ ಹೊಸದಲ್ಲ. ದುರ್ಯೋಧನ ಕಡೆಗೆ ಏನಾಗುತ್ತಾನೆಂದು ಗೊತ್ತಿಲ್ಲದ ಮಗು ಕೂಡ ಊರಲ್ಲಿ ಸಿಗುವುದು ಕಷ್ಟ. ಪದ ಅವೇ, ಕುಣಿತ ಅದೇ, ಮಾಸ್ತರೂ ಎಷ್ಟೋ ಸಲ ಅವರೇ. ಹಾಗಿದ್ದೂ ಒಂದು ಊರಲ್ಲಿ ತಾಲೀಮು ಒಂದು ರಾತ್ರಿಯೂ ತಪ್ಪದೆ ನಡೆಯುತ್ತದೆ, ಪಕ್ಕದ ಊರಲ್ಲಿ ಮೂರು ವಾರಕ್ಕೆ ಮುರಿದು ಬೀಳುತ್ತದೆ. ಪೇಟಿ ವಾಪಸು ಹೋಗುತ್ತದೆ, ಕೂಡಿಸಿದ ಪಟ್ಟಿಯ ಹಣದ ಲೆಕ್ಕ ಜಗಳಕ್ಕೆ ತಿರುಗುತ್ತದೆ. ಒಂದೇ ಓಣಿಯ ಇಬ್ಬರು ಒಂದು ವರ್ಷ ಮಾತು ಬಿಡುವುದೂ ಉಂಟು. ಕಾರಣ ಹುಡುಕುತ್ತಾ ಹೋದರೆ ಅದು ಬಹುಪಾಲು ಪಾರ್ಟು ಹಂಚಿದ ರಾತ್ರಿಗೆ ಹೋಗಿ ಮುಟ್ಟುತ್ತದೆ.

ಆ ರಾತ್ರಿ ಎಲ್ಲರಿಗೂ ಅರ್ಜುನ ಬೇಕು, ಭೀಮ ಬೇಕು. ದೂತನ ಪಾರ್ಟು ಕೇಳಿ ಪಡೆದವರು ಕಡಿಮೆ. ಮಾಸ್ತರು ಒಬ್ಬೊಬ್ಬರಿಂದ ಒಂದೊಂದು ಪದ ಹಾಡಿಸುತ್ತಾರೆ. ಕಂಠ ನೋಡಬೇಕು, ಎತ್ತರ ನೋಡಬೇಕು. ಕಿರೀಟ, ಭುಜಕೀರ್ತಿ ಹೊತ್ತು ಬೆಳತನಕ ಕುಣಿಯುವ ಕಸುವು ಇದೆಯೇ ಎಂದೂ ನೋಡಬೇಕು. ಆದರೆ ಹಣ ಹೆಚ್ಚು ಕೊಟ್ಟವನ ಕಂಠ ಚೆನ್ನಾಗಿರಲೇಬೇಕೆಂದು ಯಾವ ದೇವರೂ ವರ ಕೊಟ್ಟಿಲ್ಲ. ರಾಜನ ಪಾರ್ಟು ಯಾರ ಮನೆಗೆ ಎಂಬುದು ಜಾತಿಯ ಮೇಲೆ, ಹೊಲದ ಮೇಲೆ ತೀರ್ಮಾನವಾದ ಊರುಗಳೂ ಇದ್ದವು. ಈಗ ಒಂದೂ ಇಲ್ಲ ಎಂದು ಎದೆ ತಟ್ಟಿ ಹೇಳುವಂತಿಲ್ಲ. ಜಾಣ ಮಾಸ್ತರು ಇಂಥ ಕಡೆ ಒಂದೇ ಪಾತ್ರವನ್ನು ಇಬ್ಬರಿಗೆ ಹಂಚಿಬಿಡುತ್ತಾರೆ. ಮೊದಲನೆಯ ದುರ್ಯೋಧನ ಮಧ್ಯರಾತ್ರಿಯವರೆಗೆ, ಎರಡನೆಯ ದುರ್ಯೋಧನ ಅಲ್ಲಿಂದ ಮುಂದೆ. ನೋಡುವವರಿಗೆ ಇದು ವಿಚಿತ್ರವೇನಲ್ಲ. ರಾತ್ರಿಯಿಡೀ ನಡೆಯುವ ಆಟದಲ್ಲಿ ಒಬ್ಬನ ಕಂಠವೇ ಉಳಿಯಬೇಕೆಂದರೆ ಹೇಗೆ?

ಈ ಆಟದಲ್ಲಿ ಎಲ್ಲರೂ ಬಯಸುವ ಪಾರ್ಟು ಒಂದು, ಆಟವನ್ನು ಎತ್ತಿ ಹಿಡಿಯುವ ಪಾರ್ಟು ಇನ್ನೊಂದು. ಈ ಎರಡನೆಯದು ಸಾರಥಿಯದು. ಅವನಿಗೆ ಕಿರೀಟವಿಲ್ಲ, ಗದೆಯಿಲ್ಲ, ಯುದ್ಧವಿಲ್ಲ. ಅಟ್ಟದ ಮೇಲೆ ಹೊಸ ವೇಷ ಬಂದಾಗಲೆಲ್ಲ, ತಾವು ಯಾರು, ಯಾವ ದೇಶದ ದೊರೆ, ಬಂದ ಕಾರಣವೇನು ಎಂದು ಕೇಳುವುದು ಅವನ ಕೆಲಸ. ಕೇಳಿದ್ದಕ್ಕೆ ಉತ್ತರವಾಗಿ ವೇಷಧಾರಿ ತನ್ನ ಹೆಸರು, ಕುಲ, ಪರಾಕ್ರಮ ಎಲ್ಲವನ್ನೂ ಬಿಚ್ಚಿಡುತ್ತಾನೆ. ಮೊದಲ ಸಲ ಬಣ್ಣ ಹಚ್ಚಿದ ಹುಡುಗ ಮಾತು ಮರೆತು ನಿಂತರೆ ಒಳ್ಳೆಯ ಸಾರಥಿ ಪ್ರಶ್ನೆಯಲ್ಲೇ ಅರ್ಧ ಉತ್ತರ ಸೇರಿಸಿ ಕೇಳುತ್ತಾನೆ. ಜನರಿಗೆ ಅದು ಗೊತ್ತೂ ಆಗುವುದಿಲ್ಲ. ಕೆಟ್ಟ ಸಾರಥಿ ಅದೇ ಹೊತ್ತಿಗೆ ಹುಡುಗನನ್ನು ಗೇಲಿ ಮಾಡಿ ಜನರನ್ನು ನಗಿಸುತ್ತಾನೆ. ಚಪ್ಪಾಳೆ ಅವನಿಗೇ ಬೀಳುತ್ತದೆ. ಆ ಹುಡುಗ ಮಾತ್ರ ಮುಂದಿನ ವರ್ಷ ತಾಲೀಮಿನ ಕಡೆ ತಲೆ ಹಾಕುವುದಿಲ್ಲ.

ಬಯಲಾಟದ ಈ ಕಥೆಯನ್ನು ಇಲ್ಲಿ ತೆಗೆಯಲು ಕಾರಣವಿದೆ. ಹುಬ್ಬಳ್ಳಿಗೋ ಬೆಂಗಳೂರಿಗೋ ಓದಲು ಹೋದ ಮಕ್ಕಳ ಚೀಲದಲ್ಲಿ ಇಪ್ಪತ್ತು ಮುಖದ ದಾಳ ಕಂಡರೆ ತಂದೆ ತಾಯಿಗಳು ಜೂಜೆಂದು ಗಾಬರಿಯಾಗಬಹುದು. ಅದು ಜೂಜಲ್ಲ, ಅಲ್ಲಿ ಹಣ ಕಟ್ಟುವುದಿಲ್ಲ. ಅದೂ ಒಂದು ಬಗೆಯ ವೇಷದ ಆಟವೇ, ಆದರೆ ಬಣ್ಣವಿಲ್ಲದ್ದು, ಮೇಜಿನ ಸುತ್ತ ಕೂತು ಆಡುವಂಥದ್ದು. ಇದರ ಮೊದಲ ಪುಸ್ತಕ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಹೊರಬಂತು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲು ಅಚ್ಚಾದದ್ದು ಒಂದು ಸಾವಿರ ಪ್ರತಿ ಮಾತ್ರ. ಇಂದು ಜಗತ್ತಿನ ಹಲವೆಡೆ, ನಮ್ಮ ಬೆಂಗಳೂರಿನಲ್ಲೂ ಇದನ್ನು ಆಡುವವರಿದ್ದಾರೆ.

ಆಡುವ ಬಗೆ ಸುಲಭ. ಐದಾರು ಮಂದಿ ಕೂಡುತ್ತಾರೆ. ಅವರಲ್ಲಿ ಒಬ್ಬರು ಮಾಸ್ತರು. ಕಥೆಯ ಲೋಕವೆಲ್ಲ ಅವರ ಕೈಯಲ್ಲಿ. ಉಳಿದವರಿಗೆ ಒಂದೊಂದು ಪಾತ್ರ. ಒಬ್ಬ ಬಿಲ್ಲುಗಾರ, ಒಬ್ಬಳು ಮಾಟಗಾತಿ, ಒಬ್ಬ ಕಳ್ಳ ಎಂದಿಟ್ಟುಕೊಳ್ಳಿ. "ಮುಂದೆ ಕತ್ತಲ ಗವಿ, ಒಳಗೆ ಏನೋ ಗುರುಗುಟ್ಟುತ್ತಿದೆ, ಏನು ಮಾಡುತ್ತೀರಿ?" ಎಂದು ಮಾಸ್ತರು ಕೇಳುತ್ತಾರೆ. ಗವಿ ಗುಡೇಕೋಟೆಯ ಬೆಟ್ಟದ್ದೇ ಆಗಬಹುದು. ಅಲ್ಲಿ ಕರಡಿಧಾಮವಿರುವುದರಿಂದ ಗುರುಗುಟ್ಟಲು ಬೇರೆ ರಾಕ್ಷಸನೂ ಬೇಕಿಲ್ಲ. ಒಬ್ಬರು ಪಂಜು ಹಚ್ಚುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಕಲ್ಲೆಸೆಯುತ್ತೇನೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬರೆದಿಟ್ಟ ಮಾತಿಲ್ಲ, ಗೆಲ್ಲುವವರೂ ಇಲ್ಲ. ಒಂದೇ ಕಥೆ ವಾರಕ್ಕೊಂದು ಕೂಟದಂತೆ ತಿಂಗಳುಗಟ್ಟಲೆ ನಡೆಯುತ್ತದೆ. ಆ ಇಡೀ ಓಟಕ್ಕೆ ಅವರು ಕ್ಯಾಂಪೇನ್ ಎನ್ನುತ್ತಾರೆ.

ಇಲ್ಲಿಯೂ ಅದೇ ಒಗಟು. ಪುಸ್ತಕ ಒಂದೇ, ದಾಳ ಒಂದೇ. ಒಂದು ಗುಂಪು ವರ್ಷಗಟ್ಟಲೆ ಆಡುತ್ತದೆ, ಇನ್ನೊಂದು ಮೂರನೆಯ ಕೂಟಕ್ಕೆ ಚದುರುತ್ತದೆ. ಆಟ ಸಪ್ಪೆ ಎಂದು ಬಿಟ್ಟವರಲ್ಲಿ ಎಷ್ಟೋ ಮಂದಿಗೆ ಸಪ್ಪೆಯಾದದ್ದು ಜೊತೆಗಾರರು.

ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಕೂಟ ಮೂರು ಗಂಟೆಯದು. ಮಾಸ್ತರ ಮಾತಿಗೆ ಅರ್ಧ ಹೋದರೆ ಆಟಗಾರರಿಗೆ ಉಳಿದದ್ದು 90 ನಿಮಿಷ. ಐವರಿದ್ದರೆ ತಲೆಗೆ 18 ನಿಮಿಷ. ಅವರಲ್ಲಿ ಒಬ್ಬ ವಾಚಾಳಿ ಒಂದು ಗಂಟೆ ನುಂಗಿದರೆ ಮಿಕ್ಕ ನಾಲ್ವರಿಗೆ ಸಿಗುವುದು ಏಳೂವರೆ ನಿಮಿಷ. ಮೂರು ಗಂಟೆ ಕೂತು ಏಳೂವರೆ ನಿಮಿಷ ಆಡಿದವರು ಮುಂದಿನ ವಾರ ತಲೆನೋವೆಂದರೆ ಅದು ಸುಳ್ಳೂ ಇರಲಾರದು. ತಮಾಷೆಯೆಂದರೆ ಆ ವಾಚಾಳಿಗೆ ಕೂಟ ಬಹಳ ಚೆನ್ನಾಗಿಯೇ ನಡೆದಿರುತ್ತದೆ. ಗುಂಪು ಯಾಕೆ ಒಡೆಯಿತೆಂದು ಕೇಳಿದರೆ ಅವನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ.

ಇನ್ನೊಂದು ಬಗೆಯವರಿದ್ದಾರೆ. ಎಲ್ಲರೂ ಕೂಡಿ ಹೂಡಿದ ಉಪಾಯವನ್ನು ಕೆಡಿಸುತ್ತಾರೆ, ಗೆಳೆಯನ ಗಂಟನ್ನೇ ಕದಿಯುತ್ತಾರೆ. ಯಾಕೆಂದರೆ "ನನ್ನ ಪಾತ್ರದ ಸ್ವಭಾವವೇ ಹಾಗೆ" ಎನ್ನುತ್ತಾರೆ. ಮೇಜಿನ ಆಟಗಾರರಲ್ಲಿ ಈ ಮಾತಿಗೆ ಕೆಟ್ಟ ಹೆಸರಿದೆ. ಬಯಲಾಟದವರಿಗೆ ಇದರ ಉತ್ತರ ಹಿಂದಿನಿಂದಲೂ ಗೊತ್ತು. ದುಶ್ಶಾಸನನ ಪಾರ್ಟಿನವನು ದ್ರೌಪದಿಯ ಮುಡಿ ಹಿಡಿದೆಳೆದು ತರುವಾಗ ಅಟ್ಟ ನಡುಗಬೇಕು, ಮುಂದೆ ಕೂತ ಮುದುಕಿಯರು ಅವನಿಗೆ ಶಾಪ ಹಾಕಬೇಕು. ದ್ರೌಪದಿಯ ಪಾರ್ಟಿನವರಿಗೆ ಮಾತ್ರ ಒಂದು ಕೂದಲೂ ಎಳೆದಂತಾಗಬಾರದು. ಹಿಡಿತ ಎಲ್ಲಿ, ಹೆಜ್ಜೆ ಎಷ್ಟು, ಬೀಳುವುದು ಯಾವ ಕಡೆ ಎಂಬುದೆಲ್ಲ ತಾಲೀಮಿನಲ್ಲೇ ಗೊತ್ತಾಗಿರುತ್ತದೆ. ಅವನ ಮೇಲೆ ನಂಬಿಕೆ ಇರುವುದರಿಂದಲೇ ದ್ರೌಪದಿ ಅಷ್ಟು ಬಿಟ್ಟು ಅಳಬಲ್ಲಳು. ನಂಬಿಕೆಯಿಲ್ಲದ ಕಡೆ ಇಬ್ಬರೂ ಬಿಗಿದುಕೊಂಡೇ ನಿಂತಿರುತ್ತಾರೆ, ಆಟ ಏಳುವುದಿಲ್ಲ.

ದ್ರೌಪದಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಹಿಂದೆ ಹೆಣ್ಣಿನ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ಮುಂದೆ ಕಲಾವಿದೆಯರನ್ನು ಹೊರಗಿನಿಂದ ಕರೆಸುವುದು ರೂಢಿಯಾಯಿತು. ಹೊಸಪೇಟೆ ತಾಲ್ಲೂಕಿನ ಮರಿಯಮ್ಮನಹಳ್ಳಿ ರಂಗಕಲಾವಿದೆಯರಿಂದಲೇ ಹೆಸರಾದ ಊರು. ಹೀಗೆ ಬರುವವರಿಗೆ ಊರಿನ ತಂಡದ ಜೊತೆ ಸಿಗುವುದು ಒಂದೆರಡು ತಾಲೀಮು ಮಾತ್ರ. ಎರಡು ತಿಂಗಳಿಂದ ಕೂಡಿ ಆಡಿದ ಗಂಡಸರ ನಡುವೆ ಒಬ್ಬಳೇ ಹೊರಗಿನವಳು. ಬಣ್ಣ ಹಚ್ಚಿಕೊಳ್ಳಲು ಮರೆಯ ಜಾಗ ಕೊಟ್ಟಿದ್ದಾರೆಯೇ, ಊಟಕ್ಕೆ ಕರೆಯುವವರು ಯಾರು, ಹಾಸ್ಯದ ನೆಪದಲ್ಲಿ ಯಾರಾದರೂ ಎಲ್ಲೆ ಮೀರುತ್ತಾರೆಯೇ ಎಂಬುದರಿಂದಲೇ ಆ ತಂಡದ ಗುಣ ತಿಳಿದುಹೋಗುತ್ತದೆ. ಹುಡುಗರೇ ತುಂಬಿದ ಮೇಜಿಗೆ ಒಬ್ಬ ಹುಡುಗಿ ಆಡಲು ಬಂದಾಗಲೂ ನೋಡಬೇಕಾದದ್ದು ಇದನ್ನೇ. ಅಲ್ಲಿ ಅವಳು ತನ್ನ ಪಾತ್ರದ ಮಾತು ಆಡಬೇಕು. ಬರೀ ಗೇಲಿಗೆ ಉತ್ತರ ಕೊಡುವುದರಲ್ಲೇ ಕೂಟ ಮುಗಿಯಬಾರದು.

ಎಲ್ಲರೂ ಒಂದೇ ಕಾರಣಕ್ಕೆ ಆಡಲು ಬರುವುದಿಲ್ಲ. ಕೆನಡಾದ ರಾಬಿನ್ ಲಾಸ್ ಎಂಬ ಆಟದ ರಚನಕಾರ 2002ರಲ್ಲಿ ಮಾಸ್ತರುಗಳಿಗಾಗಿ ಬರೆದ ಪುಸ್ತಕದಲ್ಲಿ ಆಟಗಾರರನ್ನು ಬಗೆಬಗೆಯಾಗಿ ವಿಂಗಡಿಸಿದ. ಬಲ ಕೂಡಿಹಾಕುವವನು, ಹೊಡೆದಾಟ ಬೇಕೆನ್ನುವವನು, ಉಪಾಯಗಾರ, ಪಾತ್ರದೊಳಗೇ ಮುಳುಗುವವನು, ಕಥೆ ಮುಂದೆ ಹೋಗಲಿ ಎನ್ನುವವನು ಹೀಗೆ. ಪಟ್ಟಿಯ ಕೊನೆಯಲ್ಲಿ ಬರುವವನು ಬಹಳ ಸ್ವಾರಸ್ಯದ ಮನುಷ್ಯ. ಅವನಿಗೆ ಆಟದ ಮೇಲೆ ಅಂಥ ಮೋಹವಿಲ್ಲ, ಗೆಳೆಯರಿದ್ದಾರೆಂದು ಬರುತ್ತಾನೆ. ಅವನನ್ನು ಒತ್ತಾಯಿಸಿ ಮುಂದೆ ತಳ್ಳಬೇಡಿ ಎನ್ನುತ್ತಾನೆ ಲಾಸ್. ಒಪ್ಪತಕ್ಕ ಮಾತು. ತಾಲೀಮಿನಲ್ಲೂ ಅವನಿದ್ದಾನೆ. ಪಾರ್ಟು ಇದ್ದರೂ ಎರಡೇ ಮಾತಿನದು. ರಾತ್ರಿ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಾನೆ, ಚಹಾ ತರುತ್ತಾನೆ, ಮುನಿಸಿಕೊಂಡು ಮನೆಯಲ್ಲಿ ಕೂತವನನ್ನು "ಏಳಣ್ಣ, ಎಲ್ಲಾರೂ ನಿನ್ನ ದಾರೀನೇ ನೋಡ್ತಿದಾರೆ" ಎಂದು ಎಬ್ಬಿಸಿ ಕರೆತರುತ್ತಾನೆ. ಅವನು ಒಂದು ವಾರ ಪರಸ್ಥಳಕ್ಕೆ ಹೋದರೆ ಅರ್ಜುನ ಮತ್ತು ಕರ್ಣ ಅಟ್ಟ ಹತ್ತುವ ಮೊದಲೇ ಯುದ್ಧಕ್ಕೆ ನಿಂತಿರುತ್ತಾರೆ.

ಮುಯ್ಯಿಯ ತಕರಾರನ್ನೂ ಮರೆಯುವಂತಿಲ್ಲ. ಕರ್ಣ ಬಾಣ ನೆಟ್ಟು ಒರಗಿದ್ದಾನೆ, ಪದ ಏರುತ್ತಿದೆ. ಅಷ್ಟರಲ್ಲಿ ಮೈಕಿನಲ್ಲಿ ಕೂಗು. ಅವನ ಮಾವನ ಕಡೆಯವರು ಅಟ್ಟ ಹತ್ತಿ ಹಾರ ಹಾಕಿ, ರುಮಾಲು ಸುತ್ತಿ, ನೋಟು ಚುಚ್ಚಿ ಇಳಿಯುತ್ತಾರೆ. ಸತ್ತ ಕರ್ಣ ಎದ್ದು ಕೈಮುಗಿದು ಮತ್ತೆ ಸಾಯುತ್ತಾನೆ. ಪ್ರೀತಿಯ ರೂಢಿ ಅದು, ತೆಗೆಯಿರಿ ಎನ್ನುವುದು ತಪ್ಪು. ಆದರೆ ಬಂಧುಬಳಗ ಕಡಿಮೆಯಿರುವವನಿಗೆ ರಾತ್ರಿಯಿಡೀ ಒಂದು ಹಾರವೂ ಬೀಳದಿದ್ದರೆ ಅವನ ಮುಖ ಬಣ್ಣದೊಳಗೂ ಬಾಡುತ್ತದೆ. ಮೊದಲೇ ಕೂತು, ಮುಯ್ಯಿ ಯಾವ ಹೊತ್ತಿಗೆ, ಎಷ್ಟು ಹೊತ್ತು ಎಂದು ಮಾತಾಡಿಕೊಂಡರೆ ತಂಡಕ್ಕೆ ಒಳ್ಳೆಯದು. ಮೇಜಿನ ಆಟದವರೂ ಕಥೆ ಶುರುವಾಗುವ ಮುನ್ನ ಇಂಥದೊಂದು ಕೂಟ ಸೇರುತ್ತಾರೆ. ಯಾವ ಬಗೆಯ ಕಥೆ, ಏನೇನು ಬೇಡ, ಯಾವ ದಿನ ಸೇರುವುದು, ಒಬ್ಬರು ಬರದಿದ್ದರೆ ಆಡುವುದೋ ಬಿಡುವುದೋ ಎಂಬುದೆಲ್ಲ ಅಲ್ಲೇ ಇತ್ಯರ್ಥ.

ಮಗ ಒಂದು ದಿನ ಬಂದು "ಇನ್ನು ಆ ಆಟಕ್ಕೆ ಹೋಗಲ್ಲ" ಎಂದರೆ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ನಿನಗೆ ಯಾವ ಪಾರ್ಟು ಕೊಟ್ಟಿದ್ರು?" ಎಂದು. ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೂ ಇದೇ ಪ್ರಶ್ನೆ. ಇವತ್ತು ಯಾರ ಜೊತೆ ಆಡಿದೆ, ನಿನ್ನನ್ನು ಯಾರಾದರೂ ಏನಾದರೂ ಕೇಳಿದರೇ, ನೀನು ಯಾರನ್ನು ಕೇಳಿದೆ ಎಂದು ವಿಚಾರಿಸಿದರೆ ಹೆಚ್ಚು ತಿಳಿಯುತ್ತದೆ. ವಾರ ವಾರವೂ ಒಬ್ಬನನ್ನೇ ಗೇಲಿಗೆ ಇಟ್ಟುಕೊಂಡ ಗುಂಪಾದರೆ ಅಲ್ಲಿಂದ ಏಳುವುದು ಹೇಡಿತನವಲ್ಲ. ಮಗನೇ ಆ ವಾಚಾಳಿಯಾಗಿರಲೂಬಹುದು. ತಂದೆ ತಾಯಿಗಳಿಗೆ ಹೊಳೆಯುವುದು ಕಷ್ಟ, ಆದರೆ ಪ್ರತಿ ಗುಂಪಿನಲ್ಲಿ ಒಬ್ಬನಿರುತ್ತಾನೆಂದ ಮೇಲೆ ಅವನು ಯಾವುದೋ ಒಂದು ಮನೆಯವನು ತಾನೆ? ಅಂಥವನಿಗೆ ಮುಂದಿನ ಸಲ ಮಾಸ್ತರನ ಜಾಗ ಕೊಟ್ಟು ನೋಡಬಹುದು. ಬೇರೆಯವರು ಬಾಯಿಬಿಡದಿದ್ದರೆ ಆಟ ನಿಲ್ಲುತ್ತದೆಂದು ಆ ಜಾಗದಲ್ಲಿ ಕೂತವನಿಗೆ ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ.

ಬಯಲಾಟಕ್ಕೆ ಮೇಜಿನ ಆಟಕ್ಕಿಲ್ಲದ ಒಂದು ಅನುಕೂಲವಿದೆ. ಜಾತ್ರೆಯ ದಿನ ಮೊದಲೇ ಗೊತ್ತು. ಎಷ್ಟೇ ಮುನಿಸಿದ್ದರೂ ಆ ರಾತ್ರಿಯವರೆಗೆ ಹಿಡಿದು ನಿಲ್ಲಬೇಕು, ಬೆಳಗಿನ ಜಾವ ಮಂಗಳ ಹಾಡಲೇಬೇಕು. ಹಾಸ್ಟೆಲಿನ ಕೂಟಕ್ಕೆ ಅಂಥ ಗಡುವಿಲ್ಲದ್ದರಿಂದ ಒಬ್ಬರು ಬಿಟ್ಟರು, ಇಬ್ಬರು ಬಿಟ್ಟರು ಎಂದು ಕಥೆ ಗವಿಯ ಬಾಯಲ್ಲೇ ನಿಂತುಬಿಡುತ್ತದೆ. ಅದಕ್ಕಾಗಿ ಆಟ ಶುರುವಿಗೇ ಕೊನೆಯ ಕೂಟದ ತಾರೀಕು ಬರೆದಿಟ್ಟುಕೊಳ್ಳುವುದು ಲೇಸು. ಪರೀಕ್ಷೆಗೆ ಇಪ್ಪತ್ತು ದಿನ ಮುಂಚಿನ ಒಂದು ಭಾನುವಾರವಾದರೆ ಮನೆಯವರೂ ಬೇಡವೆನ್ನಲಾರರು.