ಫ್ರಾನ್ಸ್ ಕಣ್ಣೆತ್ತಿ ನೋಡದ ಡಿಫೆಂಡರ್

ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ಸಿಲ್ವೇನ್ ಡಿಸ್ಟಿನ್ ಆಡಿದ್ದು 469 ಪಂದ್ಯ. ತಾಯ್ನಾಡು ಫ್ರಾನ್ಸ್ ಪರ ಆಡಿದ್ದು ಸೊನ್ನೆ. ನ್ಯೂಕ್ಯಾಸಲ್, ಮ್ಯಾಂಚೆಸ್ಟರ್ ಸಿಟಿ, ಪೋರ್ಟ್ಸ್‌ಮತ್, ಎವರ್ಟನ್, ಬೋರ್ನ್‌ಮತ್ ಎಂದು 15 ವರ್ಷ ದುಡಿದವನಿಗೆ ಅನ್ಯಾಯವಾಯಿತು ಎಂಬುದು ಅಲ್ಲಿನ ಅಭಿಮಾನಿಗಳ ಹಳೆಯ ಗೊಣಗಾಟ. ಅದರಲ್ಲಿ ಅರ್ಧ ಮಾತ್ರ ನಿಜ.

2006ರವರೆಗೆ ದೂರುವುದಕ್ಕೆ ಜಾಗವೇ ಇಲ್ಲ. ಫ್ರಾನ್ಸ್ ರಕ್ಷಣೆಯ ನಡುವೆ ಮೊದಲು ಡೆಸಾಯಿ, ಆಮೇಲೆ ತುರಾಂ ಮತ್ತು ಗಲಾಸ್ ನಿಂತಿದ್ದ ಜಾಗಕ್ಕೆ ಯಾರನ್ನು ತಂದರೂ ಎರಡನೇ ಆಯ್ಕೆಯೇ. ಜೊತೆಗೆ, ಡಿಸ್ಟಿನ್ ಹಿಡಿದ ದಾರಿಯೂ ಆಯ್ಕೆದಾರರ ಕಣ್ಣಿಗೆ ಬೀಳುವಂಥದ್ದಲ್ಲ. ಪ್ಯಾರಿಸ್ ಸಾಂ ಜರ್ಮೇನ್‌ನಿಂದ ಎರವಲಾಗಿ ನ್ಯೂಕ್ಯಾಸಲ್‌ಗೆ ಬಂದಿದ್ದರು. 2001–02ರಲ್ಲಿ ಆ ತಂಡ ನಾಲ್ಕನೇ ಸ್ಥಾನ ಪಡೆದು ಚಾಂಪಿಯನ್ಸ್ ಲೀಗ್ ಬಾಗಿಲಿಗೆ ಬಂತು. ಅವರನ್ನು ಕಾಯಂ ಮಾಡಿಕೊಳ್ಳಲು ಕ್ಲಬ್ ಸಿದ್ಧವಿತ್ತು. ಅದನ್ನು ಬಿಟ್ಟು ಅವರು ಹೋಗಿದ್ದು ಆಗಷ್ಟೇ ಎರಡನೇ ದರ್ಜೆಯಿಂದ ಮೇಲೆ ಬಂದಿದ್ದ ಮ್ಯಾಂಚೆಸ್ಟರ್ ಸಿಟಿಗೆ. ಇಂದಿನ ಶ್ರೀಮಂತ ಸಿಟಿಯಲ್ಲ ಅದು. ಅಬುಧಾಬಿಯ ದುಡ್ಡು ಬರಲು ಇನ್ನೂ ಆರು ವರ್ಷ ಬಾಕಿ ಇತ್ತು. ಸಿಟಿಯಲ್ಲಿ ನಾಯಕನಾದರು, ಪೋರ್ಟ್ಸ್‌ಮತ್ ಪರ 2008ರ ಎಫ್‌ಎ ಕಪ್ ಗೆದ್ದರು. ಆದರೆ ಇಂಗ್ಲೆಂಡ್‌ನಲ್ಲಿದ್ದಷ್ಟು ಕಾಲ ಚಾಂಪಿಯನ್ಸ್ ಲೀಗ್‌ನ ಒಂದು ರಾತ್ರಿಯೂ ಸಿಗಲಿಲ್ಲ.

ಪಕ್ಕದಲ್ಲಿ ನಿಂತು ಆಡಿದವರನ್ನು ನೋಡಿ: ರಿಚರ್ಡ್ ಡನ್ ಐರ್ಲೆಂಡ್‌ಗೆ, ಸಾಲ್ ಕ್ಯಾಂಪ್‌ಬೆಲ್ ಮತ್ತು ಫಿಲ್ ಜಾಗಿಯೆಲ್ಕ ಇಂಗ್ಲೆಂಡ್‌ಗೆ ಆಡಿದವರು. ಇವರೆಲ್ಲರ ಎಡಬದಿ ಕಾದದ್ದು ಡಿಸ್ಟಿನ್‌ರ ಎಡಗಾಲು ಮತ್ತು ಓಟ. ಮೂವತ್ತು ದಾಟಿದ ಮೇಲೂ ಮುಂಚೂಣಿ ಆಟಗಾರರನ್ನು ಓಡಿ ಹಿಡಿಯುತ್ತಿದ್ದರು.

ಡಿಫೆಂಡರ್‌ನ ಹಣೆಬರಹವೇ ಹಾಗೆ, ಸರಿಯಾಗಿ ಮಾಡಿದ್ದು ಕಾಣುವುದಿಲ್ಲ. 2012ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ಲಿವರ್‌ಪೂಲ್ ವಿರುದ್ಧ ಎಫ್‌ಎ ಕಪ್ ಸೆಮಿಫೈನಲ್. ಎವರ್ಟನ್ 1–0 ಮುಂದಿತ್ತು. ಡಿಸ್ಟಿನ್ ಗೋಲ್‌ಕೀಪರ್ ಹೋವರ್ಡ್ ಕಡೆಗೆ ತಟ್ಟಿದ ಚೆಂಡಿಗೆ ವೇಗ ಸಾಲಲಿಲ್ಲ. ನಡುವೆ ನುಗ್ಗಿದ ಲಿವರ್‌ಪೂಲ್‌ನ ಸುವಾರೆಸ್ ಅದನ್ನು ಬಲೆಗೆ ಸೇರಿಸಿದರು. ಕೊನೆಯಲ್ಲಿ ಆಂಡಿ ಕ್ಯಾರೊಲ್ ತಲೆಯಿಂದ ಹೊಡೆದ ಗೋಲಿನಿಂದ ಲಿವರ್‌ಪೂಲ್ ಗೆದ್ದಿತು. ಆ ಋತುವಿನಲ್ಲಿ ಡಿಸ್ಟಿನ್ ತಡೆದ ಗೋಲುಗಳ ಲೆಕ್ಕ ಯಾರಿಗೂ ನೆನಪಿಲ್ಲ, ಆ ಪಾಸ್ ಮಾತ್ರ ಇವತ್ತಿಗೂ ಯೂಟ್ಯೂಬ್‌ನಲ್ಲಿದೆ.

ಗೊಣಗಾಟದ ನಿಜವಾದ ಅರ್ಧ ಇರುವುದು 2010ರಲ್ಲಿ. ತುರಾಂ ನಿವೃತ್ತರಾಗಿದ್ದರು. ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಕೋಚ್ ಡೊಮೆನೆಕ್, ಗಲಾಸ್ ಜೊತೆ ರಕ್ಷಣೆಯ ನಡುವೆ ನಿಲ್ಲಿಸಿದ್ದು ಎರಿಕ್ ಅಬಿದಾಲ್‌ರನ್ನು. ಅಬಿದಾಲ್ ಒಳ್ಳೆಯ ಆಟಗಾರ, ಬಾರ್ಸಿಲೋನಾದವರು; ಆದರೆ ಮೂಲತಃ ಲೆಫ್ಟ್ ಬ್ಯಾಕ್. ಎಡಗಾಲಿನ ಸೆಂಟರ್ ಬ್ಯಾಕ್ ಬೇಕಿದ್ದರೆ ಲಿವರ್‌ಪೂಲ್ ನಗರದ ಎವರ್ಟನ್‌ನಲ್ಲೇ ಒಬ್ಬರು ವಾರವಾರವೂ ಆಡುತ್ತಿದ್ದರು. ಕ್ಲಬ್ಬಿನ ಹೆಸರು ನೋಡಿ ಆಟಗಾರನನ್ನು ತೂಗುವ ಚಾಳಿಯಲ್ಲದೆ ಇದಕ್ಕೆ ಬೇರೆ ಸಮರ್ಥನೆ ನನಗಂತೂ ಕಾಣದು. ಒಂದೂ ಗೆಲುವಿಲ್ಲದೆ, ತರಬೇತಿಗೇ ಬಹಿಷ್ಕಾರ ಹಾಕಿ ರಂಪ ಮಾಡಿಕೊಂಡು ಫ್ರಾನ್ಸ್ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಡಿಸ್ಟಿನ್‌ಗೆ ಆಗ 32 ವರ್ಷ. ಎವರ್ಟನ್‌ನಲ್ಲಿ ಇನ್ನೂ ಐದು ಋತು ಆಡುವುದಿತ್ತು.