ಬೀಗದ ಕೈಯ ಕಾವಲು

ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ನಮ್ಮ ಹಿರಿಯರ ಗಾದೆಯು ಹಳಿದಿದೆ. ಬೆಂಕಿ ಬಿದ್ದ ಮೇಲೆ ಬೀಗದ ಕೈಯನ್ನು ಹುಡುಕುವವರನ್ನು ಕುರಿತು ಅವರು ಗಾದೆ ಕಟ್ಟಲಿಲ್ಲ. ಏಕೆಂದರೆ ಅವರ ಕಾಲದ ಮನೆಗೆ ಇಂದಿನಂತೆ ಕಬ್ಬಿಣದ ಸುರುಳಿಬಾಗಿಲಾಗಲಿ, ಕಿಟಕಿಗೆ ಸರಳಿನ ಪಂಜರವಾಗಲಿ ಇರಲಿಲ್ಲ. ಬಾವಿಯ ಚಿಂತೆಯನ್ನು ನಾವು ಇಂದು ಅಗ್ನಿಶಾಮಕ ಇಲಾಖೆಗೆ ಒಪ್ಪಿಸಿದ್ದೇವೆ. ಆದರೆ ಕೈಯ ಚಿಂತೆಯನ್ನು ಯಾರಿಗೂ ಒಪ್ಪಿಸಿಲ್ಲ. ಈ ಲೋಪವನ್ನೇ ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಊರುಗಳನ್ನೇ ನೋಡೋಣ. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಯಿಂದ ನಾಡಿಗೆಲ್ಲ ಹೆಸರಾದುದು. ಅಲ್ಲಿ ಗೂಡು ಬೇಯಿಸುವ ಒಲೆಯೂ ಒಣಗಿದ ಗೂಡಿನ ಚೀಲವೂ ಸಿದ್ಧವಾದ ನೂಲೂ ಅನೇಕ ಕಡೆ ಒಂದೇ ಸೂರಿನಡಿ ಇರುತ್ತವೆ. ನೂಲು ಬೆಲೆಯುಳ್ಳ ಸರಕಾದುದರಿಂದ ಬೀಗವೂ ಬಲವಾದುದೇ. ಚಿಂತಾಮಣಿಯ ಮಂಡಿಗಳಲ್ಲಿಯೂ ಗೌರಿಬಿದನೂರಿನ ಉಗ್ರಾಣಗಳಲ್ಲಿಯೂ ಚಿಕ್ಕಬಳ್ಳಾಪುರದ ಪೇಟೆಬೀದಿಗಳಲ್ಲಿಯೂ ರಾತ್ರಿ ಅಂಗಡಿ ಮುಚ್ಚಿದ ವರ್ತಕನು ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಾನೆ. ಅವನ ಮನೆ ಪಕ್ಕದ ಬೀದಿಯಲ್ಲಿರಬಹುದು, ಬೆಂಗಳೂರಿನಲ್ಲಿಯೂ ಇರಬಹುದು. ನಡುರಾತ್ರಿಯಲ್ಲಿ ಹೊಗೆ ಕಂಡ ನೆರೆಯವನು 112ಕ್ಕೆ ಕರೆ ಮಾಡಬಲ್ಲನು, ಬಂಡಿಯೂ ಬರಬಹುದು. ಬಂಡಿ ಬಂದ ಮೇಲೆ ಬಾಗಿಲನ್ನು ತೆರೆಯುವವರು ಯಾರು?

ಕಾನೂನಿನಲ್ಲಿ ಕೊರತೆಯಿದೆಯೆಂದು ಯಾರೂ ಭಾವಿಸಬಾರದು. ಬೆಂಕಿಯನ್ನು ಆರಿಸುವುದಕ್ಕಾಗಿ ಬಾಗಿಲನ್ನೊಡೆದು ಒಳಹೋಗುವ ಅಧಿಕಾರವನ್ನು 1964ರ ಕರ್ನಾಟಕ ಅಗ್ನಿಶಾಮಕ ದಳದ ಕಾಯಿದೆಯೇ ಕೊಟ್ಟಿದೆ. ಆದರೆ ಅಧಿಕಾರವು ಕಬ್ಬಿಣವನ್ನು ಮೆದುಮಾಡಲಾರದು. ಗರಗಸ ಹಿಡಿದು ಸುರುಳಿಬಾಗಿಲನ್ನು ಕತ್ತರಿಸುವ ನಿಮಿಷಗಳಲ್ಲಿ ಒಳಗಿನ ಉರಿಯು ಸುಮ್ಮನಿರುವುದಿಲ್ಲ. ಕೈಯಿದ್ದರೆ ಅರೆನಿಮಿಷದ ಕೆಲಸ. ಇಲ್ಲದಿದ್ದರೆ ಸರಕೂ ಹೋಯಿತು, ಬಾಗಿಲೂ ಹೋಯಿತು.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ಒಳಗೆ ಜನರಿರುವ ಕಟ್ಟಡ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಮಡಿದರು. ಮೇಲಂತಸ್ತಿನ ಬಾಗಿಲಿಗೆ ಅಗುಳಿ ಹಾಕಿತ್ತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಹೊರದಾರಿ ಕಾಣದೆ ಕೆಲವರು ಕಿಟಕಿಯಿಂದ ಕೆಳಕ್ಕೆ ಹಾರಿದರು. ಇಂಥ ಕಡೆಗಳಲ್ಲಿ ಅಗ್ನಿಶಾಮಕರ ಬಳಿ ಕೈ ಇರಬೇಕೆಂಬ ಮಾತು ಎರಡನೆಯದು. ಒಳಗಿರುವವನಿಗೆ ಕೈಯೇ ಬೇಕಾಗಬಾರದೆಂಬುದು ಮೊದಲನೆಯದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ನಿರ್ಗಮನದ ಬಾಗಿಲು ಕೈಯ ಸಹಾಯವಿಲ್ಲದೆ ಒಳಗಿನಿಂದ ತೆರೆಯುವಂತಿರಬೇಕೆಂದು ವಿಧಿಸಿದೆ. ಕಳ್ಳತನದ ಭಯದಿಂದ ಕೆಲಸಗಾರರನ್ನು ಒಳಗಿಟ್ಟು ಹೊರಗಿನಿಂದ ಬೀಗ ಜಡಿಯುವುದು ಎಷ್ಟು ಸಣ್ಣ ಕಾರ್ಖಾನೆಯಲ್ಲಿಯೇ ಆಗಲಿ ಅಕ್ಷಮ್ಯವಾದುದು.

ಎರಡನೆಯದು ರಾತ್ರಿ ನಿರ್ಜನವಾಗಿರುವ ಮಳಿಗೆ, ಉಗ್ರಾಣ, ಶಾಲೆ, ಕಚೇರಿಗಳು. ಅಮೆರಿಕದ ಊರುಗಳಲ್ಲಿ 1975ರಿಂದೀಚೆಗೆ ಮುಂಬಾಗಿಲ ಬಳಿ ಗೋಡೆಯಲ್ಲಿ ಸಣ್ಣದೊಂದು ಉಕ್ಕಿನ ಪೆಟ್ಟಿಗೆಯನ್ನು ಹುದುಗಿಸಿ, ಕಟ್ಟಡದ ಕೈಗಳನ್ನು ಅದರಲ್ಲಿಡುವ ಪದ್ಧತಿ ಹಬ್ಬಿದೆ. ಪೆಟ್ಟಿಗೆಯ ಕೈ ಅಗ್ನಿಶಾಮಕರಲ್ಲಿ ಮಾತ್ರ ಇರುತ್ತದೆ. ಜರ್ಮನಿಯವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬೆಂಕಿಯ ಎಚ್ಚರಿಕೆಯ ಯಂತ್ರವು ಸದ್ದುಮಾಡಿದ ಹೊರತು ಪೆಟ್ಟಿಗೆಯ ಹೊರಮುಚ್ಚಳವೇ ತೆರೆಯದಂತೆ ಏರ್ಪಡಿಸಿದ್ದಾರೆ.

ಸರ್ಕಾರದವರ ಕೈಗೆ ಅಂಗಡಿಯ ಕೈ ಕೊಟ್ಟರೆ ಗತಿಯೇನೆಂದು ನಮ್ಮ ವರ್ತಕರು ಕೇಳಿಯಾರು. ಈ ಸಂಶಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದೇ ಕೈಯಿಂದ ಊರಿನ ಪೆಟ್ಟಿಗೆಗಳೆಲ್ಲ ತೆರೆಯುವುದಾದರೆ, ಆ ಒಂದು ಕೈ ತಪ್ಪಿದ ದಿನ ಊರೇ ತೆರೆದಂತೆ. 2012ರಲ್ಲಿ ನ್ಯೂಯಾರ್ಕಿನ ಅಗ್ನಿಶಾಮಕರು ಬಳಸುವ ಕೈಗಳು ಜಾಲತಾಣದಲ್ಲಿ ಮಾರಾಟಕ್ಕೆ ಬಂದು, ಪತ್ರಿಕೆಯೊಂದು ಅವುಗಳನ್ನು ಕೊಂಡು ವಿಷಯವನ್ನು ಬಯಲಿಗೆಳೆಯಿತು. ನಮ್ಮ ದೇಶದ ನಿದರ್ಶನವೂ ಇದೆ. ಪುರಿಯ ಜಗನ್ನಾಥ ದೇವಾಲಯದ ರತ್ನಭಂಡಾರದ ಒಳಕೋಣೆಯ ಕೈಗಳು ಕಾಣೆಯಾಗಿವೆಯೆಂದು 2018ರಲ್ಲಿ ತಿಳಿದುಬಂದಿತು. 2024ರ ಜುಲೈಯಲ್ಲಿ ಇದ್ದ ನಕಲು ಕೈಗಳು ಬೀಗಕ್ಕೆ ಕೂಡದೆ, ಬೀಗಗಳನ್ನೇ ಮುರಿಯಬೇಕಾಯಿತು. ಕೈಯನ್ನು ಒಪ್ಪಿಸಿದರೆ ಸಾಲದು, ಒಪ್ಪಿಸಿದ ಕೈ ಇದೆಯೇ, ಇದ್ದರೆ ಬೀಗಕ್ಕೆ ಹೊಂದುತ್ತದೆಯೇ ಎಂದು ಆಗಾಗ ನೋಡಬೇಕೆಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಂಗತಿ ಬೇರೊಂದಿಲ್ಲ.

ಇದಕ್ಕೆ ಪರಿಹಾರವನ್ನು ಪರದೇಶದಿಂದ ತರಬೇಕಾದುದಿಲ್ಲ. ನಮ್ಮ ತಾಲ್ಲೂಕು ಖಜಾನೆಗಳ ಜೋಡಿಬೀಗದ ಪದ್ಧತಿಯನ್ನು ಅಧಿಕಾರಿಗಳೆಲ್ಲರೂ ಬಲ್ಲರು: ಇಬ್ಬರ ವಶದಲ್ಲಿ ಎರಡು ಕೈ, ಅರಗಿನ ಮುದ್ರೆಯ ಲಕೋಟೆಯಲ್ಲಿ ನಕಲು, ಪ್ರತಿಯೊಂದು ಹಸ್ತಾಂತರಕ್ಕೂ ರುಜು. ಹಣಕ್ಕೆ ಈ ಎಚ್ಚರವನ್ನು ವಹಿಸಿದವರು ಪ್ರಾಣಕ್ಕೂ ಸರಕಿಗೂ ವಹಿಸಲಾರರೆ? ನಮ್ಮ ಸೂಚನೆಯಿಷ್ಟೆ. ಕಟ್ಟಡದ ಕೈಗಳು ಠಾಣೆಯ ಗೂಟಕ್ಕೆ ತೂಗಾಡದೆ ಕಟ್ಟಡದ ಗೋಡೆಯ ಪೆಟ್ಟಿಗೆಯಲ್ಲಿಯೇ ಇರಲಿ. ಪೆಟ್ಟಿಗೆಯ ಕೈಯನ್ನು ಬಂಡಿಯಲ್ಲಿ ಬೀಗಹಾಕಿಟ್ಟು, ಅದನ್ನು ತೆಗೆದ ಗಳಿಗೆಯನ್ನೂ ತೆಗೆದವನ ಹೆಸರನ್ನೂ ಪುಸ್ತಕದಲ್ಲಿ ಬರೆಯಲಿ. ಪೆಟ್ಟಿಗೆಯನ್ನು ತೆರೆದೊಡನೆ ಮಾಲೀಕನಿಗೆ ಸುದ್ದಿ ಮುಟ್ಟಲಿ. ವರ್ಷಕ್ಕೆರಡು ಬಾರಿ ಮಾಲೀಕನ ಸಮಕ್ಷಮದಲ್ಲಿ ಪ್ರತಿಯೊಂದು ಕೈಯನ್ನೂ ಬೀಗಕ್ಕೆ ಹಾಕಿ ತಿರುಗಿಸಿ ನೋಡಲಿ. ಬೀಗ ಬದಲಾಯಿಸಿದವನು ಪೆಟ್ಟಿಗೆಯ ಕೈಯನ್ನೂ ಬದಲಾಯಿಸಲಿ.

ಇದನ್ನು ಮಾಡಿಸುವವರು ಯಾರು? ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಆದರೆ ನಮ್ಮ ಊರುಗಳ ಮಳಿಗೆಗಳಲ್ಲಿ ಬಹುಪಾಲು ಆ ಎತ್ತರವನ್ನು ಮುಟ್ಟುವುದಿಲ್ಲ. ಮುಟ್ಟದಿದ್ದ ಮಾತ್ರಕ್ಕೆ ಅವು ಉರಿಯದೆ ಇರುವುದೂ ಇಲ್ಲ. ಈ ನಾಲ್ಕೂ ಊರುಗಳಲ್ಲಿ ನಗರಸಭೆಗಳಿವೆ. ವ್ಯಾಪಾರದ ಪರವಾನಗಿ ಅವುಗಳದೇ. ದೊಡ್ಡ ಉಗ್ರಾಣ, ನೂಲುಬಿಚ್ಚುವ ಕಾರ್ಖಾನೆ, ಆಸ್ಪತ್ರೆ, ಶಾಲೆಗಳಿಂದ ಮೊದಲುಮಾಡಿ, ಪರವಾನಗಿಯನ್ನು ಕೊಡುವಾಗಲೂ ನವೀಕರಿಸುವಾಗಲೂ ಎರಡು ಪ್ರಶ್ನೆಗಳನ್ನು ಕೇಳಲಿ: ಒಳಗಿರುವವನು ಕೈಯಿಲ್ಲದೆ ಹೊರಗೆ ಬರಬಲ್ಲನೇ? ಹೊರಗಿರುವ ಅಗ್ನಿಶಾಮಕನು ಬಾಗಿಲೊಡೆಯದೆ ಒಳಗೆ ಹೋಗಬಲ್ಲನೇ? ಸರ್ಕಾರದ ಸ್ವಂತ ಕಟ್ಟಡಗಳು ಈ ಪರೀಕ್ಷೆಗೆ ಮೊದಲು ನಿಲ್ಲತಕ್ಕವು. ತಾನು ಮಾಡದುದನ್ನು ಪ್ರಜೆಗೆ ವಿಧಿಸುವ ಆಡಳಿತಕ್ಕೆ ಗೌರವವಿರದು.

ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜಕ್ಕಾಗಿ ಜನರು ಗುಂಡಿಗೆ ಎದೆಯೊಡ್ಡಿದರು. ಅವರು ಬಯಸಿದ ಸ್ವರಾಜ್ಯದ ಅರ್ಥವು ಧ್ವಜವನ್ನೇರಿಸುವುದರಲ್ಲಿಯೇ ಮುಗಿಯಲಿಲ್ಲ. ನಮ್ಮ ಊರನ್ನು ನಾವೇ ಕಾಯ್ದುಕೊಳ್ಳುವ ಹೊಣೆಯೂ ಅದರಲ್ಲಿ ಅಡಗಿತ್ತು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಸಣ್ಣ ಕೆಲಸದಲ್ಲಿಯೂ ಕ್ರಮವನ್ನು ಬಯಸಿದವರು. ಒಂದು ಪೆಟ್ಟಿಗೆ, ಒಂದು ಪುಸ್ತಕ, ವರ್ಷಕ್ಕೆರಡು ಬಾರಿಯ ಪರೀಕ್ಷೆ: ಇದು ಭಾರೀ ಯೋಜನೆಯಲ್ಲ, ಕ್ರಮ ಮಾತ್ರ. ಬೂದಿಯ ಮುಂದೆ ನಿಂತು ಪರಿಹಾರವನ್ನು ಘೋಷಿಸುವ ಪ್ರಸಂಗ ಬರುವ ಮುನ್ನವೇ ನಾಲ್ಕು ನಗರಸಭೆಗಳೂ ಅಗ್ನಿಶಾಮಕ ಇಲಾಖೆಯೂ ವರ್ತಕರನ್ನು ಒಂದೆಡೆ ಕರೆದು ಈ ಏರ್ಪಾಟನ್ನು ಆರಂಭಿಸುವುದೆಂದು ಆಶಿಸುತ್ತೇವೆ.